ಕುಬುಸ ಮಾಡಿಸಿಕೊಂಡ ಮೀನು

ಭೂಸನೂರಿನ ನಮ್ಮ ಮನೆಯ ಹೊಸ್ತಿಲನ್ನು ಉಣ್ಣದೆ ದಾಟಿ ಹೋದವರು ಯಾರೂ ಇಲ್ಲ. ಹೋಗಲು ಗುರುಬಾಯಿ ಬಿಡಬೇಕಲ್ಲ. ಗುರುಬಾಯಿ ಎಂದರೆ ನನ್ನ ಗಂಡನ ಅಣ್ಣನ ಹೆಂಡತಿ, ನನ್ನ ನೆಗೆಣ್ಣಿ, ನಾನು ಬಾಯಿತುಂಬ ಅಕ್ಕ ಎಂದು ಕರೆದವಳು. ಜಗಳಕ್ಕೆ ಬಂದವನಿಗೂ ಅವಳು ಮೊದಲು ತಾಟು ಇಡುತ್ತಿದ್ದಳು. ಒಮ್ಮೆ ಬದುವಿನ ತಕರಾರು ಹೊತ್ತು ಬಂದ ಪಕ್ಕದ ಹೊಲದವನು ಪುಂಡಿಪಲ್ಯ, ಬಿಸಿ ರೊಟ್ಟಿ, ಶೇಂಗಾ ಹಿಂಡಿ ತಿಂದು, ತೇಗಿ, ಬಂದ ಕೆಲಸ ಮರೆತು ಹೋದ. ಮರುದಿನ ನೆನಪಾಗಿ ಮತ್ತೆ ಬಂದ. ಮತ್ತೆ ಉಂಡು ಹೋದ. ಆ ಬದುವಿನ ತಕರಾರು ಇವತ್ತಿಗೂ ಬಗೆಹರಿದಿಲ್ಲ.

ನೋಡುವವರಿಗೆ ಇದೆಲ್ಲ ಬಹಳ ಚಂದ. ರೊಟ್ಟಿ ಬಡಿಯುತ್ತಿದ್ದವಳು ನಾನು. ಕಿರಿಯ ಸೊಸೆಯಾಗಿ ಆ ಮನೆಗೆ ಕಾಲಿಟ್ಟ ಮೇಲೆ ಒಲೆಯ ಮುಂದೆ ಕೂತು ಆ ಪುಣ್ಯವಂತೆಯನ್ನು ಮನಸ್ಸಿನಲ್ಲಿ ಎಷ್ಟು ಸಲ ಬೈದಿದ್ದೇನೋ ಲೆಕ್ಕವಿಲ್ಲ. ಬೈಯುತ್ತಲೇ ಅವಳನ್ನು ಹಚ್ಚಿಕೊಂಡೆ. ನನ್ನ ಕೈ ಸುಟ್ಟರೆ ನನಗಿಂತ ಮೊದಲು ಅವಳು ಹಾ ಎನ್ನುತ್ತಿದ್ದಳು. ಅಂಥವಳ ಮೇಲೆ ಸಿಟ್ಟು ಎಷ್ಟು ಹೊತ್ತು ನಿಂತೀತು?

ಆಗ ದೊಡ್ಡ ಲಡಾಯಿ ನಡೆದಿತ್ತು. ಪೇಟೆಯಲ್ಲಿ ಸೀಮೆಎಣ್ಣೆ ಸಿಗುತ್ತಿರಲಿಲ್ಲ, ಸಕ್ಕರೆ ಸಿಗುತ್ತಿರಲಿಲ್ಲ. ನಮಗೆ ಮಾತ್ರ ಎರಡು ಬಂಗಾರ ಬಣ್ಣದ ಮೀನು ಸಿಕ್ಕವು. ಸೋಲಾಪುರದ ದಾರಿಯಲ್ಲಿ ನಿಜಾಮರ ಸರ್ಕಾರದ ಸುಂಕದ ನಾಕೆ ಇತ್ತು. ಅಲ್ಲಿಯ ಅಧಿಕಾರಿ ಅಮೀನರ ಹೆಂಡತಿ ಪ್ಯಾರಿಬಿ, ಹೈದರಾಬಾದಿನ ಹೆಣ್ಣು, ತವರಿನಿಂದ ಗಾಜಿನ ಪೆಟ್ಟಿಗೆಯೊಂದನ್ನು ತಂದು ಅದರಲ್ಲಿ ಮೀನು ಸಾಕಿದ್ದಳು. ಅಮೀನರಿಗೆ ಜೇವರ್ಗಿಗೆ ವರ್ಗವಾಯಿತು. ಗಾಡಿಯಲ್ಲಿ ಹೇರಿಕೊಂಡು ಹೋದರೆ ಭೀಮಾ ದಾಟುವುದರೊಳಗೆ ಗಾಜು ಪುಡಿಯಾಗುತ್ತದೆಂದು ಪ್ಯಾರಿಬಿ ಪೆಟ್ಟಿಗೆಯನ್ನೂ ಮೀನುಗಳನ್ನೂ ತನ್ನ ಗೆಳತಿಯಾದ ನಮ್ಮ ಅಕ್ಕನಿಗೆ ಒಪ್ಪಿಸಿದಳು. "ದಿನಕ್ಕ ಒಂದ ಸಲ, ಒಂದ ಚಿಟಿಕಿ ಹಿಟ್ಟು. ಅಷ್ಟು ಸಾಕ್ರಿ ಗುರುಬಾಯಿ" ಎಂದು ಹೇಳಿ, ಪೆಟ್ಟಿಗೆಯನ್ನು ತಿರುತಿರುಗಿ ನೋಡುತ್ತ ಗಾಡಿ ಹತ್ತಿದಳು.

ಎಡವಟ್ಟಾದದ್ದು ಇಲ್ಲೇ. ನಮ್ಮ ಕಡೆ ಸಾಕು ಎನ್ನುವುದು ಮರ್ಯಾದೆಯ ಮಾತು. ಉಣ್ಣುವವನು ಸಾಕು ಎನ್ನಬೇಕು, ಬಡಿಸುವವಳು ಕೇಳಿಸದವಳ ಹಾಗೆ ಇನ್ನೊಂದು ಹಾಕಬೇಕು. ಕೈ ಅಡ್ಡ ಹಿಡಿದರೆ ಕೈಯ ಮೇಲೆಯೇ ತುಪ್ಪ ಸುರಿಯುವ ಜನ ನಾವು. ಪ್ಯಾರಿಬಿಯ ಚಿಟಿಕೆಯನ್ನೂ ಅಕ್ಕ ಹಾಗೆಯೇ ತಿಳಿದಳು. ಪಾಪ, ಸಂಕೋಚದ ಹೆಣ್ಣು, ತನ್ನ ಮೀನಿಗೆ ಹೆಚ್ಚು ಕೇಳಲು ನಾಚಿದ್ದಾಳೆ ಎಂದುಕೊಂಡಳು.

ಅತ್ತೆ ಕಾಶಿಬಾಯಿಗೆ ಬೇರೆಯೇ ಚಿಂತೆ. "ಲಿಂಗವಂತರ ಮನ್ಯಾಗ ಮೀನ ಬಂದಾವ ಅಂತ ಊರಾಗ ಸುದ್ದಿ ಆಗ್ತದ. ಪಡಸಾಲ್ಯಾಗ ಬಂದಾವೋ ಬೋಗುಣ್ಯಾಗ ಬಂದಾವೋ ಅಂತ ಯಾರು ಕೇಳ್ತಾರ?" ಎಂದು ಎರಡು ಹೊತ್ತು ಗೊಣಗಿದರು. ಮೂರನೆಯ ಹೊತ್ತಿಗೆ ತಾವೇ ಗಾಜಿನ ಮೇಲೆ ಮೂರು ಬೆರಳು ವಿಭೂತಿ ಎಳೆದರು. ಅಂದಿನಿಂದ ಅವು ನಮ್ಮವಾದವು. ದೊಡ್ಡ ಮೀನಿಗೆ ಅಕ್ಕ ಕೆಂಪವ್ವ ಎಂದು ಹೆಸರಿಟ್ಟಳು. ಸಣ್ಣದಕ್ಕೆ ಹೆಸರು ಬರಲಿಲ್ಲ, ಕೆಂಪವ್ವನ ಗಂಡ ಎಂಬಷ್ಟರಲ್ಲೇ ಅದರ ಬದುಕು ಸಾಗಿತು.

ಮನೆಗೆ ಬಂದವರೆಲ್ಲ ಉಂಡೆದ್ದು ಪೆಟ್ಟಿಗೆಯ ಮುಂದೆ ನಿಲ್ಲುವುದು ರೂಢಿಯಾಯಿತು. ನಾವುಂಡ ಮೇಲೆ ಆ ಜೀವಗಳು ಬಾಯಿ ಬಾಯಿ ಬಿಡುವುದನ್ನು ಸುಮ್ಮನೆ ನೋಡುವುದು ಹೇಗೆ? ಒಬ್ಬರು ರೊಟ್ಟಿಯ ಚೂರು ಹಾಕಿದರೆ ಇನ್ನೊಬ್ಬರು ಚುರುಮುರಿ ಹಾಕುವರು. ಮಠದ ಅಯ್ಯನವರು ಹೋಳಿಗೆಯ ಅಂಚು ಮುರಿದು ಹಾಕಿ, ಅದು ತಿಂದದ್ದನ್ನು ಕಂಡು ಕೈ ಮುಗಿದರು. ಕೆಂಪವ್ವ ಯಾರಿಗೂ ಬೇಡವೆನ್ನಲಿಲ್ಲ. ಅವಳಿಗೆ ಸಾಕು ಎನ್ನುವ ಮರ್ಯಾದೆಯೂ ಗೊತ್ತಿರಲಿಲ್ಲ.

ಸುಗ್ಗಿಯ ಮುಂಚೆ ಕೆಂಪವ್ವನ ಹೊಟ್ಟೆ ಎರಡೂ ಕಡೆ ಉಬ್ಬಿತು. ಅಕ್ಕ ಸೂಲಗಿತ್ತಿ ನಿಂಬೆವ್ವನನ್ನು ಕರೆಸಿದಳು. ಊರಿನ ಅರ್ಧ ಜನ ನಿಂಬೆವ್ವನ ಕೈಯಲ್ಲೇ ಈ ಲೋಕಕ್ಕೆ ಬಂದವರು, ಆದ್ದರಿಂದ ಅವಳ ಮಾತಿಗೆ ಎದುರಿಲ್ಲ. ಅವಳು ಗಾಜಿಗೆ ಅಂಗೈ ಇಟ್ಟು, ಕಣ್ಣು ಮುಚ್ಚಿ, ತೆರೆದು, "ಬಸರಿ ಅದಾಳ" ಎಂದಳು. "ಈ ನಿಲುವು ನೋಡಿದ್ರ ಗಂಡ ಕೂಸು."

ಅಕ್ಕನ ಸಂಭ್ರಮ ಏನು ಹೇಳಲಿ. ಚೊಚ್ಚಿಲ ಬಸುರಿಗೆ ನಾವು ಕುಬುಸ ಮಾಡುತ್ತೇವೆ, ಹಸಿರು ಖಣದ ಕುಬುಸ ತೊಡಿಸಿ ಬಯಕೆಯ ಊಟ ಬಡಿಸುತ್ತೇವೆ. ಅದನ್ನೇ ಕೆಂಪವ್ವನಿಗೂ ಮಾಡಿದಳು. ಪೆಟ್ಟಿಗೆಗೆ ಹಸಿರು ಖಣ ಸುತ್ತಿದಳು, ಮೇಲೆ ಹಸಿರು ಬಳೆ ಇಟ್ಟಳು, ಐದು ಮಂದಿ ಮುತ್ತೈದೆಯರು ಆರತಿ ಎತ್ತಿ ಹಾಡಿದರು. ಅಕ್ಕನ ಗಂಡ ಬಸವಂತರಾಯರು ಪಡಸಾಲೆಯ ಬಾಗಿಲಲ್ಲಿ ನಿಂತು ನೋಡಿ, "ಊರ ಮುಂದ ನನ್ನ ಮರ್ಯಾದಿ ಹೋಯ್ತು" ಎಂದವರು, ಕಡುಬು ಹೋಳಿಗೆ ಬಂದಾಗ ಕೂತು ಉಂಡರು. ಬಂದವರೆಲ್ಲ ಬಸುರಿಯ ಬಾಯಿಗೆ ಒಂದೊಂದು ಚೂರು ಇಕ್ಕಿದರು. ನಾನೂ ಇಕ್ಕಿದೆ, ಸುಳ್ಳು ಏಕೆ ಹೇಳಲಿ.

ಮರುದಿನ ಬೆಳಗ್ಗೆ ಕೆಂಪವ್ವ ನೀರಿನ ಮೇಲೆ ಒಂದು ಮಗ್ಗುಲಾಗಿ ತೇಲುತ್ತಿದ್ದಳು. ಕೆಳಗಿಳಿಯಲು ಬಾಲ ಬಡಿಯುವಳು, ಎರಡು ಬೆರಳು ಇಳಿದು ಮತ್ತೆ ಒಣ ಸೋರೆಬುರುಡೆಯಂತೆ ಮೇಲೆ ಬರುವಳು. ನೀರು ಅಂಬಲಿಯ ಬಣ್ಣಕ್ಕೆ ತಿರುಗಿ ವಾಸನೆ ಹೊಡೆಯುತ್ತಿತ್ತು. ನಿಂಬೆವ್ವ ಬಂದು ನೋಡಿ, ಇಂಥ ಹೆರಿಗೆ ತನ್ನ ಕೈಯಲ್ಲಿ ಆಗಿಲ್ಲ ಎಂದು ಮೆಲ್ಲಗೆ ಜಾರಿಕೊಂಡಳು. ಅಕ್ಕ ಪೆಟ್ಟಿಗೆಯ ಮುಂದೆ ಕೂತವಳು ಏಳಲಿಲ್ಲ.

ನಮ್ಮ ಪುಣ್ಯಕ್ಕೆ ಅದೇ ದಿನಗಳಲ್ಲಿ ಪ್ಯಾರಿಬಿ ಹರಕೆ ತೀರಿಸಲು ಆಳಂದದ ದರ್ಗಾಕ್ಕೆ ಬಂದಳು, ಬಂದವಳು ಗೆಳತಿಯನ್ನು ಕಾಣಲು ಮನೆಗೂ ಬಂದಳು. ಬುರ್ಖಾ ತೆಗೆದದ್ದೇ ಪೆಟ್ಟಿಗೆಯ ಕಡೆ ಓಡಿದಳು. ಅಗಲವಾದ ಹಿತ್ತಾಳೆ ಪರಾತದಲ್ಲಿ ಹೊಸ ನೀರು ಹಾಕಿಸಿ, ಕೆಂಪವ್ವನನ್ನು ಬೊಗಸೆಯಲ್ಲಿ ಎತ್ತಿ ಅದಕ್ಕೆ ಬಿಟ್ಟು, ಬಗ್ಗಿ ಮೇಲಿನಿಂದ ನೋಡಿದಳು.

"ಹುರುಪಿ ನೋಡ್ರಿ" ಎಂದು ಮೀನಿನ ಮೈಮೇಲಿನ ಚಿಕ್ಕ ಚಿಕ್ಕ ಪೊರೆಗಳನ್ನು ತೋರಿಸಿದಳು. "ಹೊಟ್ಟ್ಯಾಗ ನೀರು ತುಂಬಿದ ಮೀನಿಗಿ ಮೈಮ್ಯಾಲಿನ ಹುರುಪಿ ಎಲ್ಲಾ ಎದ್ದು ನಿಲ್ತಾವ. ಹಂಗಾದ್ರ ಆಶಾ ಬಿಡಬೇಕು. ನಮ್ಮ ತಾಯಿ ಮನ್ಯಾಗ ಎರಡು ಹಂಗೇ ಹೋದವು. ಇಕಿ ಹುರುಪಿ ಮೈಗಿ ಹತ್ಕೊಂಡೇ ಅದಾವ, ಉಳೀತಾಳ. ಏನ್ ಹಾಕಾಕತ್ತೀರಿ ಇಕಿಗಿ?"

ನಾನು ಹೇಳಿದೆ. ರೊಟ್ಟಿಯಿಂದ ಶುರುಮಾಡಿ ಕಡುಬಿನವರೆಗೆ ಹೇಳಿದೆ. ಪ್ಯಾರಿಬಿ ಹಣೆ ಹಿಡಿದುಕೊಂಡು ಕೂತಳು. ನಗಬೇಕೋ ಅಳಬೇಕೋ ಅವಳಿಗೂ ತಿಳಿಯಲಿಲ್ಲ.

"ಈ ಮೀನ ಬಸರಿ ಆಗಿ ಹಡಿಯೂದಿಲ್ರಿ, ತತ್ತಿ ಇಡ್ತದ. ಇದು ಬಸರಲ್ಲ, ಬದಹಜಮಿ. ತಿಂದದ್ದು ಅರಗಿಲ್ಲ, ಹೊಟ್ಟಿ ಕಟ್ಟ್ಯದ, ಅದಕ್ಕ ತೇಲಾಕತ್ತಾಳ. ಹೊಲಸ ನೀರು ತೆಗದು ಬಿಸಲಿಗಿಟ್ಟ ನೀರು ಹಾಕ್ರಿ, ಒಮ್ಮಿಗೇ ಅಲ್ಲ, ದಿನಾ ಸ್ವಲ್ಪ ಸ್ವಲ್ಪ. ದವಾಖಾನ್ಯಾಗ ಜುಲಾಬಿನ ಉಪ್ಪು ಸಿಗ್ತದ, ಒಂದ ಬೋಗುಣ್ಯಾಗ ಅದನ್ನ ಕರಗಸಿ ದಿನಾ ಸ್ವಲ್ಪ ಹೊತ್ತು ಅದರಾಗ ಬಿಡ್ರಿ. ಆದ್ರ ದೊಡ್ಡ ದವಾ ಅಂದ್ರ ಉಪಾಸ. ಹೊಟ್ಟಿ ಇಳಿಯೂತನಕ ಒಂದ ಅಗಳು ಹಾಕಬ್ಯಾಡ್ರಿ. ಹಾಕಿದ್ರೋ, ಸಾಯ್ತಾಳ."

ಉಪವಾಸ ಎಂಬ ಮಾತಿಗೆ ಅಕ್ಕನ ಮುಖದ ರಕ್ತ ಇಳಿಯಿತು. ಎದ್ದು ಅಡುಗೆಮನೆಗೆ ಹೋದಳು. ಪ್ಯಾರಿಬಿಗೆ ಉಣಬಡಿಸಿ ಕಳಿಸಿದ್ದು ನಾನು.

ಆ ಸಂಜೆ ಅತ್ತೆ ನನಗೆ ಹೇಳಿದರು. ನಾನು ಈ ಮನೆಗೆ ಬರುವ ಮುಂಚೆ ಅಕ್ಕನಿಗೆ ನೀಲಗಂಗಾ ಎಂಬ ಮಗಳಿದ್ದಳು. ಆಗಷ್ಟೇ ಓಡಾಡಿ ಮನೆ ತುಂಬುತ್ತಿದ್ದ ಕೂಸು. ವಿಷಮಜ್ವರ ಬಂತು. ವೈದ್ಯರು ಲಂಘನ ಹಾಕಿಸಿದರು. ಕರುಳು ಹಣ್ಣಾಗಿದೆ, ಕಾಳು ಬಿದ್ದರೆ ಹರಿಯುತ್ತದೆ, ಜ್ವರ ಬಿಡುವ ತನಕ ಕುದಿಸಿದ ನೀರು ಮಾತ್ರ ಎಂದರು. ಕೂಸು ತಾಯಿಯ ಸೆರಗು ಹಿಡಿದು ನುಚ್ಚು ಕೊಡು, ನುಚ್ಚು ಕೊಡು ಎಂದು ಬೇಡುತ್ತಿತ್ತಂತೆ. ಅಕ್ಕ ನಾಳೆ ಕೊಡುತ್ತೇನೆ ಎನ್ನುತ್ತಿದ್ದಳಂತೆ. ಕೂಸು ಹಾಗೆ ಬೇಡುತ್ತಲೇ ಹೋಯಿತು. ಮಗಳನ್ನು ಮಣ್ಣು ಮಾಡುವಾಗಲೂ ಅಕ್ಕ ಅಳಲಿಲ್ಲ. ಜ್ವರ ಕೊಂದಿತೆಂದು ಊರು ಹೇಳಿತು. ನಾನೇ ಹಸಿವಿನಿಂದ ಕೊಂದೆ ಎಂದು ಅಕ್ಕ ಒಂದೇ ಸಲ ಹೇಳಿದಳಂತೆ, ಆಮೇಲೆ ಆ ಮಾತೇ ಎತ್ತಲಿಲ್ಲ. ಮನೆಗೆ ಬಂದವರನ್ನೆಲ್ಲ ಉಣ್ಣಿಸತೊಡಗಿದ್ದು ಆಮೇಲೆ.

ಒಲೆಯ ಮುಂದೆ ಅವಳನ್ನು ಬೈದದ್ದೆಲ್ಲ ಒಂದೊಂದೇ ನೆನಪಾಯಿತು. ಈಗ ದೇವರು ಅದೇ ಹೆಣ್ಣಿನ ಕೈಯಲ್ಲಿ ಇನ್ನೊಂದು ಜೀವಕ್ಕೆ ಉಪವಾಸ ಹಾಕಿಸಲು ಹೊರಟಿದ್ದನಲ್ಲ, ಆ ದೇವರ ಮೇಲೂ ನನಗೆ ಸಿಟ್ಟು ಬಂದಿತ್ತು.

ಅಕ್ಕ ಕೆಂಪವ್ವನಿಗೆ, ಅವಳ ಜೊತೆ ಅವಳ ಗಂಡನಿಗೂ, ಉಪವಾಸ ಶುರುಮಾಡಿಸಿದಳು. ನೀರು ಬದಲಿಸಿದಳು, ದವಾಖಾನೆಯ ಉಪ್ಪು ತರಿಸಿ ಬೋಗುಣಿಯಲ್ಲಿ ಕರಗಿಸಿದಳು, ಕೆಂಪವ್ವನನ್ನು ಅದರಲ್ಲಿ ಬಿಟ್ಟು ಎದುರಿಗೆ ಕೂತು ಕಾದಳು. ಬಂದವರ ಕೈಯಿಂದ ತಪ್ಪಿಸಲು ಪೆಟ್ಟಿಗೆಗೆ ಧೋತರ ಹೊದಿಸಿದಳು. ಆದರೆ ತಾನೂ ಉಣ್ಣುವುದನ್ನು ಬಿಟ್ಟಳು. ಬಸವಂತರಾಯರು ಬೈದರು, ಅತ್ತೆ ಆಣೆ ಹಾಕಿದರು. "ಮನ್ಯಾಗ ಒಂದ ಜೀವ ಹಸಕೊಂಡು ಬಾಯಿ ಬಿಡಾಕತ್ತದ, ನಾ ಹೆಂಗ ಉಣ್ಲಿ?" ಎಂದಳು. ನೀರು, ಒಂದಿಷ್ಟು ಮಜ್ಜಿಗೆ, ಅಷ್ಟೇ. ಬಂದವರಿಗೆ ಮಾತ್ರ ಎಂದಿನಂತೆ ಬಡಿಸಿದಳು.

ಮೀನಿಗೆ ಇದೆಲ್ಲ ಏನು ತಿಳಿಯಬೇಕು? ಅಕ್ಕನ ಸೀರೆಯ ಅಂಚು ಕಂಡರೆ ಸಾಕು, ಓರೆಯಾಗಿ ತೇಲುತ್ತಲೇ ಗಾಜಿನ ಹತ್ತಿರ ಬಂದು ಬಾಯಿ ತೆರೆದು ಮುಚ್ಚುವುದು. ಕೇಳುವ ಬಾಯಿ ಅದು, ಶಬ್ದ ಮಾತ್ರ ಇಲ್ಲ. ಒಂದು ಮಧ್ಯಾಹ್ನ ನಾನು ಹೊಲದಿಂದ ಬಂದಾಗ ಅಕ್ಕ ಧೋತರ ಸರಿಸಿ ನಿಂತಿದ್ದಳು. ಅವಳ ಮುಷ್ಟಿಯಲ್ಲಿ ನುಚ್ಚು ಇತ್ತು. ಮುಷ್ಟಿ ನೀರಿನ ಮೇಲಿತ್ತು.

ನಾನು ಹೋಗಿ ಅವಳ ಮಣಿಕಟ್ಟು ಹಿಡಿದೆ. ಹಿರಿಯಳ ಕೈ ಹಿಡಿದು ತಡೆದದ್ದು ಅದೇ ಮೊದಲು.

"ಬಿಡು ಗೌರಾ" ಎಂದಳು. "ಬೇಡಾಕತ್ತದ ನೋಡು. ಒಂದ ಅಗಳಿಗೆ ಏನಾಗ್ತದ?"

"ಸಾಯ್ತದಕ್ಕ."

"ಹಾಕದಿದ್ರೂ ಸತ್ರ? ಹಸಕೊಂಡು ಸತ್ರ?"

ಹಿಡಿದ ಕೈ ಬಿಡದೆ ನಿಂತೆ. ಅವಳು ನನಗಿಂತ ಗಟ್ಟಿಮುಟ್ಟಾದ ಹೆಣ್ಣು, ಕೊಡವಿದ್ದರೆ ನಾನು ಗೋಡೆಗೆ ಬೀಳುತ್ತಿದ್ದೆ. ಕೊಡವಲಿಲ್ಲ. ತಾನಾಗಿ ಕೈ ಹಿಂದೆ ತೆಗೆದು, ನುಚ್ಚನ್ನು ಅಂಗಳದ ಗುಬ್ಬಿಗಳಿಗೆ ಎರಚಿ, ಗೋಡೆಗೆ ಒರಗಿ ಕೂತಳು.

ಅದಾದ ಮೇಲೆ ಒಂದು ಬೆಳಗ್ಗೆ ನೀರು ಬದಲಿಸಲು ಧೋತರ ತೆಗೆದರೆ ಕೆಂಪವ್ವನ ಹಿಂದೆ ಉದ್ದನೆಯ ಕರಿದಾರದಂಥ ಮಲ ಎಳೆದುಕೊಂಡು ಬರುತ್ತಿತ್ತು. ಅಂಥದ್ದನ್ನು ಕಂಡು ಅಷ್ಟು ಖುಷಿಪಟ್ಟವರು ಆಳಂದ ತಾಲೂಕಿನಲ್ಲಿ ನಮ್ಮ ಹಾಗೆ ಇನ್ನೊಬ್ಬರಿರಲಿಕ್ಕಿಲ್ಲ. ನಾನು ಕೂಗಿದೆ, ಅತ್ತೆ ಜಪ ಬಿಟ್ಟು ಓಡಿ ಬಂದರು, ಬಸವಂತರಾಯರು ಬಂದು ನೋಡಿ "ಛಲೋ ಆಯ್ತು" ಎಂದು ಮೀಸೆ ಒರೆಸಿಕೊಂಡರು. ಸಂಜೆಯ ಹೊತ್ತಿಗೆ ಹೊಟ್ಟೆ ಇಳಿದಿತ್ತು. ಮರುದಿನ ಕೆಂಪವ್ವ ನೆಟ್ಟಗೆ ನಿಂತು, ತಳಕ್ಕೆ ಇಳಿದು, ಕಲ್ಲುಗಳ ನಡುವೆ ಮೂಗಾಡಿಸಿಕೊಂಡು ತಿರುಗಿದಳು. ಹೊಟ್ಟೆ ಇಳಿದ ಮೇಲೆ ಬೆಂದ ಬಟಾಣಿ ಸಿಪ್ಪೆ ತೆಗೆದು ಕೊಡಲು ಪ್ಯಾರಿಬಿ ಹೇಳಿ ಹೋಗಿದ್ದಳು. ನಮ್ಮಲ್ಲಿ ಬಟಾಣಿ ಎಲ್ಲಿಯದು? ಹೊಲದಲ್ಲಿ ಹಸಿ ತೊಗರಿಕಾಯಿ ಇದ್ದವು. ಒಂದೇ ಕಾಳು ಬೇಯಿಸಿ, ಸಿಪ್ಪೆ ಸುಲಿದು, ಹಿಸುಕಿ, ಅಕ್ಕ ಉಗುರಿನ ತುದಿಯಿಂದ ನೀರಿಗಿಟ್ಟಳು. ಕೆಂಪವ್ವ ಬಂದು ತಿಂದಳು. ಇನ್ನಷ್ಟು ಕೇಳಿದಳು. ಅಕ್ಕ ಕೊಡಲಿಲ್ಲ.

ಪೆಟ್ಟಿಗೆಯ ಮುಂದೆ ಇಬ್ಬರೂ ಕೂತಿದ್ದೆವು.

"ಗೌರಾ, ಆವತ್ತು ನುಚ್ಚು ಹಾಕಿದ್ರ ಇಕಿ ಸಾಯ್ತಿದ್ದಳಲ್ಲ?"

"ಸಾಯ್ತಿದ್ದಳಕ್ಕ."

"ಹಂಗಾದ್ರ ಉಪಾಸ ಇಟ್ಟಿದ್ದು ಉಳಸಾಕ."

"ಹೌದಕ್ಕ."

ಅವಳು ಮೀನನ್ನೇ ನೋಡುತ್ತ ಕೇಳಿದಳು, "ನೀಲಗಂಗಾಗ?"

ವೈದ್ಯರು ಹೇಳಿದ್ದು ಸರಿಯೋ ತಪ್ಪೋ ನನಗೆ ಅಂದೂ ಗೊತ್ತಿರಲಿಲ್ಲ, ಇಂದೂ ಗೊತ್ತಿಲ್ಲ. ಮೀನಿನ ಹೊಟ್ಟೆಯುಬ್ಬರ ಬೇರೆ, ಕೂಸಿನ ಜ್ವರ ಬೇರೆ. ಅಷ್ಟು ತಿಳಿವಳಿಕೆ ಅಕ್ಕನಿಗೂ ಇತ್ತು. ಆದರೆ ಅವಳು ಕೇಳಿದ್ದು ವೈದ್ಯವನ್ನಲ್ಲ.

"ಅಕಿಗೂ ಉಳಸಾಕ ಇಟ್ಟಿದ್ದಿ ಅಕ್ಕ" ಎಂದೆ. "ಅಕಿ ಜ್ವರಕ್ಕ ಹೋದಳು. ನೀ ಕೊಲ್ಲಿಲ್ಲ."

ಅಕ್ಕ ಅತ್ತಳು. ಸೆರಗು ಬಾಯಿಗಿಟ್ಟು ಶುರುಮಾಡಿ, ಆಮೇಲೆ ಸೆರಗೂ ಬಿಟ್ಟು, ನನ್ನ ಹೆಗಲ ಮೇಲೆ ತಲೆ ಇಟ್ಟು ಅತ್ತಳು. ನಾನೂ ಅತ್ತುಬಿಟ್ಟೆ. ಬಾಗಿಲಲ್ಲಿ ಉಣ್ಣಲು ಬಂದು ನಿಂತವರನ್ನು ಅತ್ತೆ ಅಂದು ತಾವೇ ಹೊರಗೆ ಕೂಡಿಸಿದರು.

ಅತ್ತು ಮುಗಿದ ಮೇಲೆ ಅಕ್ಕ ಮುಖ ಒರೆಸಿಕೊಂಡು, "ನನಗ ಹಸಿವಾಗ್ಯದ ಬೇ" ಎಂದಳು. ಅಷ್ಟು ವರ್ಷಗಳಲ್ಲಿ ಆ ಮಾತನ್ನು ಅವಳ ಬಾಯಿಂದ ನಾನು ಕೇಳಿದ್ದು ಅದೇ ಮೊದಲು. ನಾನು ಎದ್ದು ಒಲೆ ಹೊತ್ತಿಸಿದೆ.