ತುರ್ಗುನನ ಹೊಟ್ಟೆ ರಿಪೇರಿ

ಮರ್ಗಿಲಾನ್ ಪಟ್ಟಣದ ರೇಷ್ಮೆ ಗಿರಣಿಯ ನಿವೃತ್ತ ಫಿಟ್ಟರ್ ತುರ್ಗುನ್ ಈಗ ತನ್ನ ಹೊಟ್ಟೆಯನ್ನೇ ರಿಪೇರಿಗೆ ತೆಗೆದುಕೊಂಡಿದ್ದಾನೆ. ಹೆಂಡತಿ ತೀರಿಕೊಂಡ ಚಳಿಗಾಲದಲ್ಲಿ ಶುರುವಾದ ಉರಿ. ಮೊದಲು ಆ ವರ್ಷದ ಗಜ್ಜರಿಯ ಮೇಲೆ ಅವನಿಗೆ ಅನುಮಾನವಿತ್ತು. ಕೆಟ್ಟ ಯಂತ್ರದಿಂದ ಒಂದು ಸಲಕ್ಕೆ ಒಂದೇ ಭಾಗ ಬಿಚ್ಚಿ ನೋಡಬೇಕೆಂಬುದು ಅವನ ಕಸುಬಿನ ನೇಮ. ಹಾಗಾಗಿ ಒಂದು ವಾರ ರೊಟ್ಟಿ ಬಿಡುತ್ತಾನೆ, ಇನ್ನೊಂದು ವಾರ ಹಾಲು ಬಿಡುತ್ತಾನೆ. ಹೋದ ವಾರವಂತೂ ಬರೀ ಬೇಯಿಸಿದ ಕುಂಬಳಕಾಯಿಯಲ್ಲೇ ಕಳೆದ. ಬೀದಿಯಲ್ಲಿ ಯಾರಾದರೂ ಕ್ಷೇಮ ಕೇಳಿದರೆ ಸಾಕು, ಹೆಸರುಕಾಳು ಎಲ್ಲಿ ಉರಿಯಿತು, ಮೂಲಂಗಿ ಹೇಗೆ ಗುಡುಗಿತು ಎಂದು ವರದಿ ಒಪ್ಪಿಸುತ್ತಾನೆ. ಕೇಳಿದವರ ಹಸಿವು ಇಂಗಿಹೋಗುತ್ತದೆ. ಚಹಾದಂಗಡಿಯ ನಿಗ್ಮತ್, "ಅಣ್ಣ, ಈ ವಾರ ಚಹಾ ಕುಡೀಬಹುದಾ, ಇಲ್ಲಾ ಹಬೆ ಮೂಸಿ ಹೋಗ್ತೀರಾ?" ಎಂದು ಕಿಚಾಯಿಸಿದರೂ ನಗುವುದಿಲ್ಲ. ಗುರುವಾರ ಮಾತ್ರ ಗೆಳೆಯರ ಸರದಿ ಊಟ, ವಾರಕ್ಕೊಬ್ಬರ ಮನೆಯಲ್ಲಿ. ಬೇಡ ಎಂದರೆ ಉಣಿಸುವವರಿಗೆ ಅವಮಾನ. ಒಂದೇ ಹರಿವಾಣದ ಸುತ್ತ ಕೂತು, ಕುರಿಬಾಲದ ಕೊಬ್ಬು ತೊಟ್ಟಿಕ್ಕುವ ಪಲಾವನ್ನು ಎಲ್ಲರ ಜೊತೆ ಬಾಚಿ ತಿನ್ನುತ್ತಾನೆ. ಶುಕ್ರವಾರ ಹೊಟ್ಟೆ ತಣ್ಣಗಿರುತ್ತದೆ. "ಹಂಗಾದ್ರೆ ನಿಮ್ಗೆ ಒಗ್ಗೋದು ಪಲಾವೇ ಬಿಡಣ್ಣ," ಎಂದ ನಿಗ್ಮತ್. ತುರ್ಗುನ್ ತಲೆ ಅಲ್ಲಾಡಿಸಿದ. "ಅದನ್ನೂ ಮನೇಲಿ ಮಾಡಿ ನೋಡ್ದೆ ಕಣೋ. ಅದೇ ಅಕ್ಕಿ, ಅದೇ ಕೊಬ್ಬು. ಬೆಳಗಿನ ತನಕ ಉರಿ. ಗುರುವಾರದ್ದು ಲೆಕ್ಕಕ್ಕೆ ಬರಲ್ಲ, ಅವತ್ತು ನಗ್ತಾ ತಿಂದಿರ್ತೀನಿ."