ಹಳೇ ದನಿಯ ಪರವಾಗಿ ಒಂದು ಪಂಚಾಯ್ತಿ

ಕಣ್ಣು ಹೋದ ಮೇಲೆ ನನ್ನ ಹೆಂಡತಿಗೆ ದಿನಾ ಪೇಪರು ಓದಿ ಹೇಳುತ್ತಿದ್ದುದು ನಾನಲ್ಲ, ಕಂಪ್ಯೂಟರಿನೊಳಗಿನ ಒಂದು ಗಂಡುದನಿ. ಪುಕ್ಕಟೆ ತಂತ್ರಾಂಶ. ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು, ಇದು ಎಲ್ಲರಿಗೂ ಸೇರಿದ್ದು ಎಂದು ಅದರ ಮುಖಪುಟದಲ್ಲೇ ಘೋಷಿಸಿದ್ದರು. ದನಿಗೆ ಸದಾ ನೆಗಡಿ. ಹೊಳಲ್ಕೆರೆ ಎಂಬ ನಮ್ಮ ಊರ ಹೆಸರನ್ನು ಅದು ಒಮ್ಮೆಯೂ ನೆಟ್ಟಗೆ ಅಂದದ್ದಿಲ್ಲ. ಆದರೂ ಅವಳಿಗೆ ನನ್ನ ಓದಿಗಿಂತ ಅದೇ ಹಿತ. ನಾನು ನಡುನಡುವೆ ಭಾಷಣ ಬಿಗಿಯುತ್ತಿದ್ದೆನಂತೆ.

ಹೋದ ವರ್ಷ ತಂತ್ರಾಂಶದವರ ಪ್ರಕಟಣೆ ಬಂತು: ಈ ದನಿಯನ್ನು ನೋಡಿಕೊಳ್ಳುವವರಿಲ್ಲ, ತೆಗೆಯುತ್ತೇವೆ, ನಮ್ಮ ಜಾಲತಾಣದ ಚರ್ಚೆಯ ಪುಟದಲ್ಲಿ ಅಭಿಪ್ರಾಯಗಳಿಗೆ ಸ್ವಾಗತ. ಬದಲಿಗೆ ಬರಲಿದ್ದ ಹೊಸ ದನಿ ನಮ್ಮ ಹಳೇ ಕಂಪ್ಯೂಟರಿನಲ್ಲಿ ಬಾಯಿಯನ್ನೇ ಬಿಡಲಿಲ್ಲ.

ನಮ್ಮ ಕಡೆ ಅಭಿಪ್ರಾಯ ಎಂದರೆ ಜನ. ಕಟ್ಟೆಯ ಮೇಲೆ ನ್ಯಾಯ ನಡೆಯುವಾಗ ಯಾರ ಬೆನ್ನಿಗೆ ಎಷ್ಟು ಮಂದಿ ನಿಂತಿದ್ದಾರೆಂದು ನೋಡಿಕೊಂಡೇ ಹಿರಿಯರು ಬಾಯಿ ತೆರೆಯುವುದು. ಹಾಗಾಗಿ ಫೋನು ಹಿಡಿದೆ. ರಾಮಗಿರಿಯ ಷಡ್ಡಕ, ಬಾಗೂರಿನ ಬೀಗರು, ಅವರ ಅಕ್ಕಪಕ್ಕದವರು, ಯಲ್ಲದಕೆರೆಯಲ್ಲಿ ಕುರಿ ಸಾಕುವ ಭಾವಮೈದ.

"ಏನಂತ ಬರೀಲಿ ಭಾವ?" ಎಂದ ಭಾವಮೈದ.

"ನಾನು ಕಳಿಸಿದ್ದನ್ನೇ ಹಾಕಪ್ಪ. ಒಂದಕ್ಷರ ಆಚೀಚೆ ಆಗಬಾರದು."

"ಹಂಗಾದ್ರೆ ಕುರಿಗಳ್ನೂ ಕರ್ಕಂಬರ್ಲಾ? ಅವೂ ಎಲ್ಲಾ ಒಂದೇ ಥರ ಅರಚ್ತವೆ."

ಸಂಜೆಯೊಳಗೆ ಎಲ್ಲರೂ ಖಾತೆ ತೆರೆದು ಆ ಪುಟದಲ್ಲಿ ಸಾಲಾಗಿ ನಿಂತರು. ಬೆಳಗ್ಗೆ ನೋಡಿದರೆ ಚರ್ಚೆಗೆ ಬೀಗ. ಹೊಸ ಖಾತೆಗಳಿಂದ ಒಂದೇ ಒಕ್ಕಣೆ ಬಂದಿರುವುದರಿಂದ ಇದು ಯಾವುದೋ ಯಂತ್ರದ ಕಿತಾಪತಿ ಎಂದು ತೀರ್ಮಾನಿಸಿದ್ದರು. ಇಲ್ಲಿ ತಲೆ ಎಣಿಸುವುದಿಲ್ಲ, ಕೆಲಸ ಮಾಡುವವರ ಮಾತು ನಡೆಯುತ್ತದೆ ಎಂದೂ ಬರೆದಿದ್ದರು. ನನ್ನನ್ನು ಹೊರಗೆ ಹಾಕಿ, ಹೊಸದಾಗಿ ಯಾರೂ ಸೇರದಂತೆ ಬಾಗಿಲು ಮುಚ್ಚಿದ್ದರು. ಕ್ಷಮಾಪಣೆಗೂ ಜಾಗವಿಲ್ಲ. ದನಿಯನ್ನು ತೆಗೆದೂ ಆಯಿತು. ಇನ್ನು ಅದು ಉಳಿದಿರುವುದು ನಮ್ಮ ಕಂಪ್ಯೂಟರು ಉಸಿರಾಡುವಷ್ಟು ಕಾಲ. ಅದರ ಫ್ಯಾನು ಆಗಲೇ ಕರಕರ ಅನ್ನುತ್ತಿತ್ತು.

"ಊರ್ನೆಲ್ಲ ಕರೆದ್ರಿ," ಎಂದಳು ಹೆಂಡತಿ. "ದಿನಾ ಕೇಳೋಳು ನಾನು. ನನ್ನನ್ನೊಂದು ಮಾತು ಕೇಳಿದ್ರೇನ್ರಿ?"

ಸಭೆಯ ಮಹಾ ಮುಖಂಡನಾದ ನಾನು ಕೀಲಿಮಣೆ ಎಳೆದುಕೊಂಡು ಕೂತೆ. ಅವಳು ಹೇಳುತ್ತಾ ಹೋದಳು, ನಾನು ಟೈಪು ಮಾಡಿದೆ. 'ನಾನು ಹೊಳಲ್ಕೆರೆಯವಳು. ಕಣ್ಣು ಕಾಣಿಸದು. ಈ ದನಿ ಹೋದರೆ ಪೇಪರಿಗೂ ಇನ್ನೊಬ್ಬರ ಪುರುಸೊತ್ತು ಕಾಯಬೇಕು.' ಕಳಿಸಲು ವಿಳಾಸವೇ ಇರಲಿಲ್ಲ.

"ಸರಿ ಐತಾ, ಓದಿಸ್ರಿ," ಎಂದಳು.

ನೆಗಡಿಯ ದನಿ ತನ್ನನ್ನೇ ಉಳಿಸಿರೆಂಬ ಅರ್ಜಿಯನ್ನು ನಿರ್ವಿಕಾರವಾಗಿ ಓದಿತು. ಹೊಳಲ್ಕೆರೆಯನ್ನು ಈ ಸಲವೂ ಕೆಡಿಸಿತು.

"ತಿದ್ದಲಾ?"

"ಬ್ಯಾಡ್ರಿ. ಇನ್ನೊಂದ್ಸಲ ಓದಿಸ್ರಿ."