ಹಾವನ್ನು ಡಾಕ್ಟರ ಬಳಿಗೆ ಒಯ್ಯುವ ಸ್ತಾನಿಮಿರ್

ಪಿರೋತಿನ ಬಸ್ ನಿಲ್ದಾಣದಲ್ಲಿ ಈಗಷ್ಟೇ ಬೆಳಕು ಹರಿಯುತ್ತಿದೆ. ಬೆಲ್‌ಗ್ರೇಡಿಗೆ ಹೊರಡುವ ಮೊದಲ ಬಸ್ಸಿನ ಡಿಕ್ಕಿ ತೆರೆದು ಸ್ತಾನಿಮಿರ್ ಚಿರಿಚ್ ಊರವರ ಗಂಟುಮೂಟೆ ತುಂಬುತ್ತಿದ್ದಾರೆ. ಓದಲು ಹೋದ ಮಕ್ಕಳಿಗೆ ಕಚ್ಕವಾಲ್ ಚೀಸು, ಒತ್ತಿ ಚಪ್ಪಟೆ ಮಾಡಿದ ಸಾಸೇಜು, ಕೆಂಪು ಮೆಣಸಿನ ಗೊಜ್ಜಿನ ಸೀಸೆಗಳು, ಯಾರದೋ ರಿಪೇರಿಗೆ ಹೊರಟ ಹಲ್ಲಿನ ಸೆಟ್ಟು. ನಮ್ಮೂರಿನವರು ಅಂಚೆಯನ್ನು ನಂಬುವುದಕ್ಕಿಂತ ಹೆಚ್ಚಾಗಿ ಡ್ರೈವರನ್ನು ನಂಬುತ್ತಾರೆ. ಅವರ ಕೈಗೆ ಕೊಟ್ಟರೆ ಮುಗಿಯಿತು, ಅಲ್ಲಿ ಇಸಿದುಕೊಳ್ಳುವವರು ನಿಂತಿರುತ್ತಾರೆ.

ಕೊನೆಗೆ ಒಂದು ಥರ್ಮಾಕೋಲ್ ಡಬ್ಬಿ ಬರುತ್ತದೆ. ತಂದಾಕೆ ಬೊಝಾನಾ, ರಬ್ಬರ್ ಬೂಟಿನ ಕಾರ್ಖಾನೆಯಲ್ಲಿ ಅಂಟು ಹಚ್ಚುವವಳು. ಅವಳ ಹಿಂದೆಯೇ ಕರಿ ತಲೆವಸ್ತ್ರ ಕಟ್ಟಿದ ಅತ್ತೆ ದೆಸಾಂಕಾ. ಈ ಡಬ್ಬಿಯನ್ನು ಸ್ತಾನಿಮಿರ್ ಡಿಕ್ಕಿಗೆ ಹಾಕುವುದಿಲ್ಲ. ಬಗ್ಗಿ ಅದರ ಪಕ್ಕದ ತೂತುಗಳನ್ನು ನೋಡುತ್ತಾರೆ. ಮುಖ ಕೆಂಪಗಾಗುತ್ತದೆ.

"ಯಾರು ಟೇಪ್ ಹಚ್ಚಿದ್ದು?"

ಬೊಝಾನಾ ಅತ್ತೆಯ ಕಡೆ ನೋಡುತ್ತಾಳೆ. "ಬೆಳಗ್ಗೆ ಚಳಿ ಇದೆಯಲ್ಲಪ್ಪ," ಅನ್ನುತ್ತಾರೆ ದೆಸಾಂಕಾ. "ಆ ಕಡೆಯಿಂದ ಈ ಕಡೆಗೆ ಗಾಳಿ ಹೊಡೆದ್ರೆ ಅದರ ಗತಿ ಏನು?"

"ದೊಡ್ಡಮ್ಮ, ಹೀಗೆ ಮುಚ್ಚಿ ಮುಚ್ಚಿಯೇ ಅದರ ಹೊಟ್ಟೆ ಕೊಳೆಸಿದ್ದು ನೀನು. ದಾರೀಲಿ ಪೂರ್ತಿ ಸಾಯಿಸೋಣ ಅಂತ ಇದೀಯಾ?" ಎಂದು ಸ್ತಾನಿಮಿರ್ ರೇಗುತ್ತಾರೆ.

"ಕೊಳೆಸಿದ್ದು ಅನ್ಬೇಡ. ಗಾಳಿಗೆ ಆಗಿದ್ದು ಅದು."

ಚರ್ರನೆ ಟೇಪು ಕಿತ್ತು ಸ್ತಾನಿಮಿರ್ ಡಬ್ಬಿಯನ್ನು ತಮ್ಮ ಸೀಟಿನ ಪಕ್ಕ, ಹೀಟರಿಗೆ ತೀರ ಹತ್ತಿರವೂ ಅಲ್ಲ, ದೂರವೂ ಅಲ್ಲ ಎನ್ನುವ ಜಾಗದಲ್ಲಿ ಇಡುತ್ತಾರೆ. ಒಳಗೆ ಬಟ್ಟೆ ಚೀಲದಲ್ಲಿ ಕಿತ್ತಳೆ ಬಣ್ಣದ ಒಂದು ಸಾಕಿದ ಹಾವಿದೆ. ವಿಷವಿಲ್ಲದ್ದು. ಹೆಸರು ಚಾರಪಾ, ಅಂದರೆ ಕಾಲುಚೀಲ. ಮೊದಲ ಸಲ ಪೊರೆ ಬಿಟ್ಟಾಗ ಅದು ಕಾಲುಚೀಲದ ಹಾಗೆ ಇಡಿಯಾಗಿ ಕಳಚಿತ್ತಂತೆ. ಈ ಚಳಿಗಾಲದಲ್ಲಿ ಪೊರೆ ಚೂರುಚೂರಾಗಿ ಬಂತು, ಹೊಟ್ಟೆಯ ಹುರುಪೆಗಳು ಕೆಂಪಗಾದವು, ಆಮೇಲೆ ನೀರುಗುಳ್ಳೆ, ಆಮೇಲೆ ಕೀವು, ವಾಸನೆ. ಇಂದು ಡಾಕ್ಟರು ನೋಡದಿದ್ದರೆ ಅದು ಬದುಕುವುದಿಲ್ಲ ಎಂದು ಬೊಝಾನಾಳಿಗೆ ಗೊತ್ತಿದೆ. ಹಸುವಿಗೆ ಕಾಯಿಲೆ ಎಂದರೆ ಫೋರ್‌ಮನ್ ರಜೆ ಕೊಡುತ್ತಿದ್ದ, ಹಾವಿಗೆ ಎಂದಾಗ ನಕ್ಕ. ಅದಕ್ಕೆ ದೆಸಾಂಕಾ ತಾನೇ ಹೊರಟಿದ್ದಾರೆ. ಕಾಯಿಲೆ ಗಾಳಿಯಿಂದಲೇ ಬಂತೆಂದು ಡಾಕ್ಟರ ಬಾಯಲ್ಲೇ ಹೇಳಿಸಿ ಸೊಸೆಗೆ ತೋರಿಸಬೇಕೆಂಬುದು ಅವರ ಹಟ.

ದೆಸಾಂಕಾ ಒಬ್ಬರನ್ನೇ ಬೈದು ಏನು ಬಂತು? ಎದುರುಬದುರು ಕಿಟಕಿ ತೆರೆದಾಗ ನುಗ್ಗುವ ಗಾಳಿಗೆ, ಆ ಪ್ರೊಮಾಯಕ್ಕೆ, ಈ ದೇಶದಲ್ಲಿ ಹೆದರದವರು ಯಾರಿದ್ದಾರೆ? ಕುತ್ತಿಗೆ ಹಿಡಿದರೆ ಪ್ರೊಮಾಯ, ಕಿವಿ ನೋವಿಗೆ ಪ್ರೊಮಾಯ, ಗಂಡ ಬಿಟ್ಟುಹೋದರೂ ಎಲ್ಲೋ ಒಂದು ಬಾಗಿಲು ತೆರೆದಿತ್ತು ಎನ್ನುವ ಜನ ನಾವು. ಬೊಝಾನಾ ಕೆಲಸಕ್ಕೆ ಹೋದ ಮೇಲೆ ಅತ್ತೆ ಹಾವಿನ ಗಾಜಿನ ಪೆಟ್ಟಿಗೆಯ ಜಾಲರಿಗಳಿಗೆಲ್ಲ ಟೇಪು ಹಚ್ಚುತ್ತಿದ್ದರು, ಅವಳು ಬರುವ ಮುಂಚೆ ಕೀಳುತ್ತಿದ್ದರು. ಒಳಗೆ ತೇವ ನಿಂತು ಹಾಸು ಬೂಸಲು ಹಿಡಿಯಿತು. ಗುಳ್ಳೆ ಎದ್ದ ಮೇಲೆ ಮನೆಯಲ್ಲಿ ಕಾಸಿದ ಹಣ್ಣಿನ ಸಾರಾಯಿ, ರಾಕಿಯಾ, ಹಚ್ಚಿ ಉಜ್ಜಿದರು. ಪಾಪ, ಮನೆಯ ಮಗುವಿಗೂ ಅವರು ಅದನ್ನೇ ಮಾಡಿದ್ದರು.

ನನ್ನ ಸಿಟ್ಟು ಬೇರೆಯವರ ಮೇಲೆ. ಈ ಹಾವನ್ನು ಅಂಗಡಿಯಲ್ಲಿ ರಸೀತಿ ಕೊಟ್ಟು ಮಾರಿದವನಿಗೆ ತೇವ ಎಂದರೇನು, ಗಾಳಿ ಎಂದರೇನು ಎಂದು ಒಂದು ಮಾತು ಹೇಳಲು ಪುರುಸೊತ್ತಿರಲಿಲ್ಲ. ನಮ್ಮೂರಿನಲ್ಲಿ ಖಾಸಗಿ ದವಾಖಾನೆ ಇಟ್ಟಿರುವ ಡಾಕ್ಟರ್ ವೆಸೆಲಿನ್ ಬಾಗಿಲಲ್ಲೇ ಕೈ ಅಡ್ಡ ಹಿಡಿದು, "ನಾನು ದನದ ಡಾಕ್ಟ್ರು. ಇದನ್ನ ಸೊಂಟಕ್ಕೆ ಕಟ್ಕೊಂಡು ಮನೆಗೆ ಹೋಗು," ಎಂದು ಬೊಝಾನಾಳನ್ನು ಕಳಿಸಿದರು. ನೀಶ್ ನಗರದ ಇನ್ನೊಬ್ಬರು ಫೋನಿನಲ್ಲೇ ನಾಯಿಯ ಮುಲಾಮು ಹೇಳಿದರು. ಹಚ್ಚಿದ ಮೇಲೆ ಗಾಯ ಇನ್ನಷ್ಟು ಅಗಲವಾಯಿತು. ಪ್ರಾಣಿ ನೋಡುತ್ತೇವೆ ಎಂದು ಬೋರ್ಡು ಹಾಕಿಕೊಂಡು, ಮುಟ್ಟದೆ, ನೋಡದೆ, ಜೋಕು ಹೇಳಿ ಕಳಿಸುವವರನ್ನು ನಾವು ಡಾಕ್ಟರೆಂದು ಯಾಕೆ ಕರೆಯಬೇಕು?

ಬಸ್ಸು ಊರು ಬಿಡುತ್ತದೆ. ಇವರ ಬಗ್ಗೆ ಬರೆಯಲೆಂದು ನಾನೂ ಹತ್ತಿದ್ದೇನೆ. ಸ್ತಾನಿಮಿರ್‌ಗೆ ಐವತ್ತು ದಾಟಿದೆ. ಸ್ತಾರಾ ಪ್ಲಾನಿನಾ ಬೆಟ್ಟದ ಕುರಿಗಾಹಿಗಳ ಮನೆಯವರು. ಚಿಕ್ಕಂದಿನಲ್ಲಿ ತಂಗಿಗೆ ಮಂಡಲದ ಹಾವು ಕಚ್ಚಿ, ಅವಳ ಕೈ ಊದಿ ಕಪ್ಪಾದದ್ದನ್ನು ಕಂಡಿದ್ದಾರೆ. ಅಂದಿನಿಂದ ಹಾವೆಂದರೆ ಮೈ ಜುಮ್ಮೆನ್ನುತ್ತದೆ. "ಸುಳ್ಳು ಯಾಕೆ ಹೇಳ್ಲಿ? ಇವತ್ತಿಗೂ ಒಂದನ್ನೂ ಮುಟ್ಟಿಲ್ಲ. ನಾನು ಡಬ್ಬಿ ಹೊರ್ತೀನಿ, ಅಷ್ಟೆ," ಅನ್ನುತ್ತಾರೆ.

ಶುರುವಾದದ್ದು ಮೋಸದಿಂದ. ಒಂದು ಚಳಿಗಾಲ ಯಾರೋ ಚೀಸ್ ಎಂದು ಹೇಳಿ ಡಬ್ಬಿ ಕೊಟ್ಟರು. ನೀಶ್ ದಾಟಿದ ಮೇಲೆ ಚೀಸು ಅಲ್ಲಾಡಿತು. "ಹೊರಗೆ ಎಸೀಬೇಕು ಅಂತ ಬಸ್ ನಿಲ್ಲಿಸ್ದೆ. ಹಿಮ ಬೀಳ್ತಿತ್ತು. ಇಣುಕಿ ನೋಡ್ದೆ. ಮೈಯೆಲ್ಲ ಸುಲಿದಿತ್ತು, ಕಣ್ಣ ಮೇಲೂ ಹಳೇ ಪೊರೆ ಅಂಟಿ ಕುರುಡಾಗಿತ್ತು. ಎಸೆಯೋಕೆ ಕೈ ಬರ್ಲಿಲ್ಲ. ಡಬ್ಬೀನ ಹೀಟರ್ ಹತ್ರ ಇಟ್ಟು, ಬೆಲ್‌ಗ್ರೇಡ್ ತನಕ ಆ ಮನುಷ್ಯನ್ನ ಬೈಕೊಂಡು ಹೋದೆ." ಅಲ್ಲಿ ಹಾವು, ಆಮೆ, ಓತಿಗಳನ್ನು ನೋಡುವ ಡಾಕ್ಟರ್ ಕ್ಸೆನಿಯಾ ನಿಲ್ದಾಣಕ್ಕೇ ಬಂದು ಇಸಿದುಕೊಂಡರು. ಸುದ್ದಿ ಬಾಯಿಂದ ಬಾಯಿಗೆ ಹಬ್ಬಿತು. ಈಗ ಗಡಿಯ ಕಡೆಯ ಹಳ್ಳಿಗಳಿಂದಲೂ ಜನ ಡಬ್ಬಿ ಹಿಡಿದು ಬರುತ್ತಾರೆ. ಸ್ತಾನಿಮಿರ್ ಪ್ರತಿಯೊಬ್ಬರನ್ನೂ ಬೈದೇ ತೆಗೆದುಕೊಳ್ಳುತ್ತಾರೆ. ಸಾಕುವ ಮುಂಚೆ ಯಾರನ್ನು ಕೇಳಿದಿರಿ, ನನ್ನನ್ನು ಕೇಳಿದಿರಾ, ಎನ್ನುವುದು ಅವರ ಮಾಮೂಲು ಮಂಗಳಾರತಿ.

ಹಿಂದಿನ ಸೀಟಿನ ನೀಶ್‌ನವನೊಬ್ಬ ಕೆಣಕುತ್ತಾನೆ. "ಏನ್ ಡ್ರೈವರೇ, ಪಿರೋತಿನವರು ಜುಗ್ಗರು ಅಂತ ಗೊತ್ತಿತ್ತು. ಟಿಕೆಟ್ ಇಲ್ದೆ ಹಾವನ್ನೂ ಬೆಲ್‌ಗ್ರೇಡ್ ಸುತ್ತಿಸ್ತಾರಲ್ಲ, ಇದು ಹೊಸದು."

"ನೀನು ಟಿಕೆಟ್ ತಗೊಂಡಿದೀಯಲ್ಲ, ಬಾಯಿ ಮುಚ್ಕೊಂಡು ಕೂತ್ಕೋ. ಅದಕ್ಕಿರೋ ಮರ್ಯಾದೆ ನಿಂಗಿಲ್ಲ," ಅನ್ನುತ್ತಾರೆ ಸ್ತಾನಿಮಿರ್, ಕನ್ನಡಿಯಲ್ಲಿ ಅವನನ್ನೇ ನೋಡುತ್ತಾ.

ನೀಶ್ ನಿಲ್ದಾಣ ಹತ್ತಿರವಾದಂತೆ ಅವರ ಮಾತು ಕಡಿಮೆಯಾಗುತ್ತದೆ. ಬಸ್ಸಿನಲ್ಲಿ ಜೀವಂತ ಪ್ರಾಣಿ ಸಾಗಿಸಿದರೆ ಡ್ರೈವರನ್ನು ಕೆಲಸದಿಂದ ತೆಗೆಯುತ್ತೇವೆ ಎಂದು ಕಂಪನಿ ಚೀಟಿ ಅಂಟಿಸಿದೆ. ಸ್ತಾನಿಮಿರ್‌ಗೆ ಒಮ್ಮೆ ಎಚ್ಚರಿಕೆಯೂ ಆಗಿದೆ. ಕುಡಿದು ವಾಂತಿ ಮಾಡುವವನಿಗೆ ಸೀಟುಂಟು, ಸದ್ದಿಲ್ಲದೆ ಸುತ್ತಿಕೊಂಡು ಮಲಗಿದ ಜೀವಕ್ಕೆ ಇಲ್ಲ. ನಿಲ್ದಾಣದಲ್ಲಿ ತಪಾಸಣೆಯವನು ನಿಂತಿರುವುದು ದೂರದಿಂದಲೇ ಕಾಣುತ್ತದೆ. ಸ್ತಾನಿಮಿರ್ ಏನೋ ಗೊಣಗುತ್ತಾರೆ. ದಾರಿಯುದ್ದಕ್ಕೂ ಅವರೊಡನೆ ಜಗಳವಾಡಿದ ದೆಸಾಂಕಾ ಬಗ್ಗಿ, ಡಬ್ಬಿಯಿಂದ ಬಟ್ಟೆ ಚೀಲ ತೆಗೆದು, ತಮ್ಮ ಉಣ್ಣೆಯ ಕೋಟಿನೊಳಗೆ ಹೊಟ್ಟೆಗೆ ಒತ್ತಿ ಇಟ್ಟುಕೊಂಡು ಗುಂಡಿ ಹಾಕುತ್ತಾರೆ.

ತಪಾಸಣೆಯವನು ಮುಂದಿನ ಬಾಗಿಲಿನಿಂದ ಹತ್ತುತ್ತಾನೆ. ಹಿಂದಿನ ಬಾಗಿಲೂ ತೆರೆದಿದೆ. "ಈ ಡಬ್ಬೀಲಿ ಏನು?" ಎಂದು ಮುಚ್ಚಳ ಎತ್ತುತ್ತಾನೆ. ಬಿಸಿನೀರಿನ ಚೀಲ, ಹಳೆಯ ಪೇಪರು. ಅವನ ಕಣ್ಣು ಪಕ್ಕದ ಸೀಟಿಗೆ ಹೊರಳುತ್ತದೆ.

"ಎರಡೂ ಕಡೆ ಬಾಗಿಲು ತೆಗೆಸಿ ನಿಂತಿದೀಯಲ್ಲ ಮಗನೇ," ಅನ್ನುತ್ತಾರೆ ದೆಸಾಂಕಾ, ಹೊಟ್ಟೆ ಹಿಡಿದುಕೊಂಡು. "ನಂಗೆ ಆಪರೇಷನ್ ಆಗಿದೆ. ಪ್ರೊಮಾಯ ಹೊಡೀತಾ ಇದೆ. ನಿಮ್ಮಮ್ಮನ್ನೂ ಹಿಂಗೇ ಕೂರಿಸ್ತೀಯಾ?"

ಬಸ್ಸಿಗೆ ಬಸ್ಸೇ ಬಾಗಿಲು, ಬಾಗಿಲು ಎನ್ನತೊಡಗುತ್ತದೆ. ಆಡಿಕೊಂಡಿದ್ದ ನೀಶ್‌ನವನ ದನಿಯೇ ಎಲ್ಲರಿಗಿಂತ ಜೋರು. ತಪಾಸಣೆಯವನೂ ಇದೇ ಊರುಗಳಲ್ಲಿ ಬೆಳೆದವನು. "ಕ್ಷಮಿಸಿ ಅಮ್ಮ," ಎಂದು ತಾನೇ ಬಾಗಿಲೆಳೆದುಕೊಂಡು ಇಳಿಯುತ್ತಾನೆ. ಬಸ್ಸು ಹೆದ್ದಾರಿ ಸೇರುತ್ತದೆ. ದೆಸಾಂಕಾ ಹಾವನ್ನು ಮತ್ತೆ ಡಬ್ಬಿಗೆ ಇಡುವುದಿಲ್ಲ.

ಇದನ್ನೆಲ್ಲ ಬರೆದರೆ ಕೆಲಸ ಹೋಗುವುದಿಲ್ಲವೇ ಎಂದು ನಾನು ಕೇಳುತ್ತೇನೆ. "ಬರೀರಿ. ಹೆಸರು ಹಾಕೇ ಬರೀರಿ," ಅನ್ನುತ್ತಾರೆ ಅವರು. "ಕರೆದು ಕೇಳ್ಲಿ ನನ್ನ. ನಂಗೂ ಅವ್ರನ್ನ ಕೇಳೋದು ಬೇಕಾದಷ್ಟಿದೆ."

ಬೆಲ್‌ಗ್ರೇಡಿನಲ್ಲಿ ಡಾಕ್ಟರ್ ಕ್ಸೆನಿಯಾರ ದವಾಖಾನೆ ಒಂದು ಹಳೆಯ ಕಟ್ಟಡದ ನೆಲಮಾಳಿಗೆ. ಬಸ್ಸು ವಾಪಸು ಹೊರಡುವುದರೊಳಗೆ ಮುಗಿಸಬೇಕೆಂದು ಸ್ತಾನಿಮಿರ್ ತಾವೇ ಕರೆತಂದು ಬಾಗಿಲ ಬಳಿ ನಿಲ್ಲುತ್ತಾರೆ, ಮುಖ ಗೋಡೆಯ ಕಡೆ. ಡಾಕ್ಟರು ಚಾರಪಾವನ್ನು ಹೊರಳಿಸಿ ದೀಪದಡಿ ಹಿಡಿಯುತ್ತಾರೆ. ಕತ್ತಿನಿಂದ ಬಾಲದವರೆಗೆ ಹೊಟ್ಟೆ ಸುಟ್ಟ ಗಾಯದ ಹಾಗಿದೆ.

"ಗಾಳಿಗೆ ಆಗಿದ್ದಲ್ವಾ ಡಾಕ್ಟ್ರೇ?" ಎಂದು ದೆಸಾಂಕಾ ಕೇಳುತ್ತಾರೆ.

"ಗಾಳಿ ಇಲ್ದೆ ಆಗಿದ್ದು. ತೇವದಲ್ಲೇ ಕೂತು ಕೂತು ಚರ್ಮ ಕೊಳೆತಿದೆ. ಪೆಟ್ಟಿಗೆ ತೂತು ಯಾರಾದ್ರೂ ಮುಚ್ಚಿದ್ರಾ?"

ದೆಸಾಂಕಾ ತಲೆವಸ್ತ್ರದ ತುದಿಯನ್ನು ಬೆರಳಿಗೆ ಸುತ್ತುತ್ತಾ ನಿಂತಿದ್ದಾರೆ. "ನಾನೇ," ಅನ್ನುತ್ತಾರೆ. "ಅದಕ್ಕೆ ಶೀತ ಆಗ್ಬಾರ್ದು ಅಂತ. ಉಳಿಯುತ್ತಾ?"

ಡಾಕ್ಟರು ಬೈಯುವುದಿಲ್ಲ. ಇಂದು ತಂದದ್ದಕ್ಕೆ ಉಳಿಯಬಹುದು, ಮೂರು ದಿನಕ್ಕೊಮ್ಮೆ ಇಂಜೆಕ್ಷನ್ ಕೊಟ್ಟು, ಸತ್ತ ಚರ್ಮ ಬಿಡಿಸಿ ಗಾಯ ತೊಳೆದರೆ. ಒಂದು ಸಲ ತಪ್ಪಿದರೂ ನಂಜು ರಕ್ತಕ್ಕೆ ಇಳಿಯುತ್ತದೆ. ಅದು ಮನೆಯವರ ಕೈಯಲ್ಲಾಗುವ ಕೆಲಸವಲ್ಲ. ಮುಂದಿನ ವಾರದಿಂದ ತಮ್ಮ ಕೈಯಲ್ಲೂ ಇಲ್ಲ: ಅವರು ದವಾಖಾನೆ ಮುಚ್ಚಿ ವಿಯೆನ್ನಾಕ್ಕೆ ಹೋಗುತ್ತಿದ್ದಾರೆ, ಅಲ್ಲಿ ಕೆಲಸ ಸಿಕ್ಕಿದೆ. "ನಿಮ್ಮ ಕಡೆ ಸೂಜಿ ಹಾಕೋಕೆ ಒಬ್ರೂ ಇಲ್ವಾ?" ಎಂದು ಕೇಳುತ್ತಾ ಅವರು ಮೊದಲ ಸೂಜಿ ತಾವೇ ಹಾಕಿ, ಉಳಿದ ಔಷಧಿಯನ್ನೂ ವಿಧಾನ ಬರೆದ ಚೀಟಿಯನ್ನೂ ದೆಸಾಂಕಾರ ಕೈಗಿಡುತ್ತಾರೆ.

ವಾಪಸು ಬರುವಾಗ ಸ್ತಾನಿಮಿರ್ ಯಾರನ್ನೂ ಬೈಯುವುದಿಲ್ಲ. ಅವರು ಹೀಗೆ ಸುಮ್ಮನಿರುವುದನ್ನು ನೋಡಿದರೆ ಬೈಗುಳವೇ ವಾಸಿ ಅನ್ನಿಸುತ್ತದೆ. ಇರುವ ಒಬ್ಬರನ್ನೂ ಹೊರಗೆ ಕಳಿಸಿಕೊಡುವ ದೇಶ ಇದು. ಹೋಗುವವರನ್ನು ದೂರಲು ನನಗೆ ಮನಸ್ಸಿಲ್ಲ, ಹೋಗಲು ಬಿಟ್ಟವರ ಮೇಲೆ ಕೆಂಡದಂಥ ಕೋಪವಿದೆ. ಪಿರೋತಿನ ದೀಪಗಳು ಕಾಣುವಾಗ ದೆಸಾಂಕಾ, "ಶುಕ್ರವಾರ ಆ ದನದ ಡಾಕ್ಟ್ರ ಹತ್ರ ಹೋಗ್ತೀನಿ. ಸೂಜಿ ಹಾಕೋ ತನಕ ಏಳಲ್ಲ," ಅನ್ನುತ್ತಾರೆ.

"ಶುಕ್ರವಾರ ನಂಗೆ ರಜ," ಅನ್ನುತ್ತಾರೆ ಸ್ತಾನಿಮಿರ್.

ಶುಕ್ರವಾರ ಡಾಕ್ಟರ್ ವೆಸೆಲಿನ್ ಅವರ ಪಡಸಾಲೆಯಲ್ಲಿ ಒಬ್ಬ ಕುರುಬ, ಅವನ ಕುಂಟುವ ಕುರಿ, ಮತ್ತು ಇವರಿಬ್ಬರು. ನಾನು ಬಾಗಿಲ ಪಕ್ಕ ನಿಂತಿದ್ದೇನೆ. ದೆಸಾಂಕಾರ ಮಡಿಲಲ್ಲಿ ಡಬ್ಬಿಯಿದೆ, ತೂತುಗಳೆಲ್ಲ ತೆರೆದಿವೆ.

"ಹೇಳಿದ್ದೆನಲ್ಲ, ನಾನು ದನದ ಡಾಕ್ಟ್ರು," ಅನ್ನುತ್ತಾರೆ ವೆಸೆಲಿನ್.

"ಹೇಳಿದ್ದೆ. ಅದಕ್ಕೇ ಕೂತಿದೀನಿ."

"ಇದನ್ನ ನಮಗೆ ಕಲಿಸಿಲ್ಲ ದೆಸಾಂಕಾ."

"ನಂಗೂ ಕಲಿಸಿರ್ಲಿಲ್ಲ. ನಾನು ಕೆಡಿಸ್ದೆ. ನೀನು ಮುಟ್ಟೂ ಇಲ್ಲ. ನಮ್ಮಿಬ್ರಲ್ಲಿ ಯಾರ ತಪ್ಪು ಹೆಚ್ಚು ಅಂತ ಆಮೇಲೆ ಲೆಕ್ಕ ಹಾಕೋಣ, ಮೊದಲು ಸೂಜಿ ತಗೋ."

ಊಟದ ಹೊತ್ತಾದರೂ ಅವರು ಏಳುವುದಿಲ್ಲ. ಕೊನೆಗೆ ಕುರುಬನೇ, "ಹಾಕ್ಬಿಡಿ ಡಾಕ್ಟ್ರೇ, ನಮ್ ಸರದಿ ಯಾವಾಗ ಬರೋದು?" ಎಂದು ರೇಗುತ್ತಾನೆ. ವೆಸೆಲಿನ್ ಕೈಗವಸು ಹಾಕುತ್ತಾರೆ. ಕ್ಸೆನಿಯಾ ಬರೆದುಕೊಟ್ಟದ್ದನ್ನು ಎರಡು ಸಲ ಓದುತ್ತಾರೆ. ಹಿಡಿದುಕೊಳ್ಳುವವರು ಯಾರು ಎಂದು ಕೇಳುತ್ತಾರೆ. ದೆಸಾಂಕಾ ಡಬ್ಬಿಯನ್ನು ಸ್ತಾನಿಮಿರ್ ಕಡೆ ಚಾಚುತ್ತಾರೆ. ಸ್ತಾನಿಮಿರ್ ಅಂಗಿಯ ತೋಳು ಮಡಚುತ್ತಾರೆ. ಕಣ್ಣು ಮುಚ್ಚಿಕೊಂಡು, ಎರಡೂ ಕೈಯಲ್ಲಿ, ಅವರು ಹಾವನ್ನು ಹಿಡಿಯುತ್ತಾರೆ.

ಸತ್ತ ಚರ್ಮ ಬಿಡಿಸಿ, ಗಾಯ ತೊಳೆದು, ಡಾಕ್ಟರು ಸೂಜಿ ಹಾಕಿ ತೆಗೆಯುತ್ತಾರೆ. ಚಾರಪಾ ಒಮ್ಮೆ ಮಿಸುಕಿ ಸುಮ್ಮನಾಗುತ್ತದೆ. ಕುರಿಯ ಕಾಲು ನೋಡುವಷ್ಟು ಹೊತ್ತೂ ಹಿಡಿಯಲಿಲ್ಲ.

"ಇಷ್ಟೇನಾ?" ಅನ್ನುತ್ತಾರೆ ವೆಸೆಲಿನ್, ತಮ್ಮಷ್ಟಕ್ಕೆ.

ಇನ್ನು ಕೂಗಾಟ ಶುರುವಾಯಿತೆಂದು ನಾನು ಕಾಯುತ್ತೇನೆ. ಸ್ತಾನಿಮಿರ್ ಕಣ್ಣು ತೆರೆದು ಮೊದಲು ತಮ್ಮ ಕೈಯಲ್ಲಿರುವುದನ್ನು, ಆಮೇಲೆ ಡಾಕ್ಟರನ್ನು ನೋಡುತ್ತಾರೆ. ದನಿ ಏರಿಸುವುದಿಲ್ಲ.

"ಇಷ್ಟೇ ಡಾಕ್ಟ್ರೇ. ನನ್ನ ಬಸ್ಸಲ್ಲಿ ಇದುವರೆಗೂ ಒಂದು ಹಾವೂ ಸತ್ತಿಲ್ಲ. ಸತ್ತಿದ್ದೆಲ್ಲ ನಿಮ್ಮ ಬಾಗಿಲಿಂದ ವಾಪಸ್ ಹೋದವು."